ಕಡಪಾ ಕಟ್ಟೆಯ ಅಡಿಗೆಮನೆಗೆ ಹೊಸ ಬಾಗಿಲು: ಅಳತೆ, ಹಲಗೆ, ಹಿಂಜ್, ಜೋಡಣೆ

ಹಳೆಯ ಬಾಗಿಲೊಂದನ್ನು ಬಿಚ್ಚಿ ಅಂಗಡಿಗೆ ಒಯ್ದು "ಇದರಂಗ ಎಂಟು ಮಾಡಿ ಕೊಡ್ರಿ" ಅನ್ನುವುದು ಹುಬ್ಬಳ್ಳಿ–ಧಾರವಾಡದ ಕಡೆ ನಡೆದುಬಂದ ರೂಢಿ. ಕೆಲಸ ಕೆಡುವುದು ಬಹುತೇಕ ಅಲ್ಲಿಂದಲೇ. ಆ ಬಾಗಿಲು ಎಷ್ಟೋ ಮಳೆಗಾಲ ಕಂಡಿರುತ್ತದೆ. ಮಿರಗದ ಮಳೆ ಹಿಡಿದಾಗೊಮ್ಮೆ ಉಬ್ಬಿ ಬಿಗಿಯಾಗಿ, ಬಡಿಗೇರರು ಬಂದು ಒಂದು ಕೈ ರಂದಾ ಹೊಡೆದು ಹೋಗಿರುತ್ತಾರೆ. ಎಂಟೂ ಬಾಗಿಲಿಗೆ ಅದೇ ಗತಿ ಆಗಿದ್ದರೂ ಎಂಟೂ ಒಂದೇ ಅಳತೆಯಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಹಳೆಯ ಬಾಗಿಲನ್ನು ಬಣ್ಣ ನೋಡಲಷ್ಟೇ ಇಟ್ಟುಕೊಳ್ಳಿ. ಟೇಪು ಹಿಡಿಯಬೇಕಾದ್ದು ಖಾನೆಯ ಬಾಯಿಗೆ, ಒಂದೊಂದು ಖಾನೆಗೂ ಬೇರೆಬೇರೆಯಾಗಿ.

ಫ್ಯಾಕ್ಟರಿಯಲ್ಲಿ ಮಾಡಿದ ಪ್ಲೈವುಡ್ ಪೆಟ್ಟಿಗೆಗಳ ಮಾಡ್ಯುಲರ್ ಅಡಿಗೆಮನೆ ನಿಮ್ಮದಾದರೆ ಕೆಲಸ ಸುಲಭ. ಪೆಟ್ಟಿಗೆಯ ಹೊರ ಅಗಲ 600 ಎಂ.ಎಂ. ಇದ್ದರೆ ಒಂಟಿ ಬಾಗಿಲು 597, ಜೋಡಿ ಬಾಗಿಲಾದರೆ ಒಂದೊಂದು 297. ಎತ್ತರ 720 ಇದ್ದರೆ ಬಾಗಿಲು 717. ಅಲ್ಲಿಗೆ ಲೆಕ್ಕ ಮುಗಿಯಿತು. ಆದರೆ ಮಾಳಮಡ್ಡಿ, ಸಪ್ತಾಪುರ, ವಿದ್ಯಾನಗರ, ಕೇಶ್ವಾಪುರದ ಹಳೆಯ ಮನೆಗಳಲ್ಲಿರುವುದು ಬೇರೆಯೇ ಜಾತಿ. ಇಟ್ಟಿಗೆ ಗೋಡೆ, ನಡುವೆ ನಿಲ್ಲಿಸಿದ ಕಡಪಾ ಕಲ್ಲು, ಮೇಲೆ ಗ್ರಾನೈಟ್, ಮುಂಭಾಗಕ್ಕೆ ಕಟ್ಟಿಗೆಯ ಚೌಕಟ್ಟು. ಗವಂಡಿ ಕೈಯಲ್ಲಿ ಕಟ್ಟಿದ ಈ ಬಾಯಿಗಳಲ್ಲಿ ಗುಣ್ಯಾಕ್ಕೆ, ಅಂದರೆ ಮೂಲೆ ನೋಡುವ ಮೂಲೆಮಟ್ಟಕ್ಕೆ, ಸರಿಯಾಗಿ ಕೂರುವಂಥದ್ದು ಸಿಗುವುದೇ ಅಪರೂಪ. ಮುಂದೆ ಬರೆದಿರುವುದು ಮುಖ್ಯವಾಗಿ ಇವುಗಳಿಗಾಗಿ.

ಮೊದಲು ಚೌಕಟ್ಟು

ಹೊಸ ಬಾಗಿಲಿನ ಭಾರ ಹೊರುವುದು ಹಳೆಯ ಚೌಕಟ್ಟು. ಸ್ಕ್ರೂ ಡ್ರೈವರಿನ ಹಿಡಿಯಿಂದ ಅದರ ಉದ್ದಕ್ಕೂ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ತುದಿಯಿಂದ ಚುಚ್ಚಿ ನೋಡಿ. ಒಳಗೆ ಇಳಿದರೆ ಗೆದ್ದಲು ತಿಂದಿದೆ ಅಥವಾ ನೀರು ಕುಡಿದು ಕೊಳೆತಿದೆ. ಸಿಂಕಿನ ಕೆಳಗಿನ ಅಡ್ಡಪಟ್ಟಿ ಮತ್ತು ನೆಲಕ್ಕೆ ತಾಗಿದ ಕಾಲುಗಳು ಮೊದಲು ಹೋಗುವ ಜಾಗ. ಬಣ್ಣದ ಮೇಲೆ ಮಣ್ಣಿನ ಸಣ್ಣ ಗೆರೆ ಕಂಡರೆ ಬಾಗಿಲಿನ ವಿಚಾರ ಆಮೇಲೆ, ಗೆದ್ದಲಿನ ಔಷಧ ಮೊದಲು.

ಚೌಕಟ್ಟೇ ಇಲ್ಲದೆ ಬರೀ ಕಡಪಾ ಅಂಚು ಇದ್ದರೆ ಅದಕ್ಕೆ ನೇರವಾಗಿ ಹಿಂಜ್ ಕೂರಿಸಲು ಹೋಗಬೇಡಿ. ಕಡಪಾ ಪದರು ಪದರಾಗಿ ಏಳುವ ಕಲ್ಲು. ಅಂಚಿನ ಹತ್ತಿರ ಹ್ಯಾಮರ್ ಡ್ರಿಲ್ ಇಟ್ಟರೆ ಚಕ್ಕೆ ಹಾರಿಹೋಗುತ್ತದೆ. ಎರಡೂವರೆ ಇಂಚು ಆಳ, ಒಂದೂವರೆ ಇಂಚು ಅಗಲದ ಸಾಗವಾನಿ ಪಟ್ಟಿಯ ಚೌಕಟ್ಟು ಮಾಡಿಸಿ. ಅದನ್ನು ಕಲ್ಲಿಗೆ ಅರಲ್ಡೈಟ್‌ನಿಂದ ಅಂಟಿಸಿ, ಇಟ್ಟಿಗೆ ಗೋಡೆ ಇರುವ ಕಡೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿಸಿ. ಕಲ್ಲಿಗೇ ತೂತು ಬೇಕೇ ಬೇಕೆಂದರೆ ಅಂಚಿನಿಂದ ಎರಡು ಇಂಚು ಒಳಗೆ, ಹ್ಯಾಮರ್ ಬಂದ್ ಮಾಡಿ, ನೀರು ಹನಿಸುತ್ತ ನಿಧಾನ ಕೊರೆಯಬೇಕು.

ಚೌಕಟ್ಟಿನ ಆಳ ಎರಡೂವರೆ ಇಂಚು ಇರಲಿ ಎನ್ನುವುದಕ್ಕೆ ಕಾರಣವಿದೆ. ಈಗ ಸಿಗುವ ಆಟೋ ಹಿಂಜಿಗೆ ಮೂರು ಭಾಗ: ಬಾಗಿಲಿನಲ್ಲಿ ಕೂರುವ ಬಟ್ಟಲು, ಚೌಕಟ್ಟಿಗೆ ಬಿಗಿಯುವ ಪ್ಲೇಟು, ಎರಡನ್ನೂ ಸೇರಿಸುವ ತೋಳು. ಆ ಪ್ಲೇಟಿಗೆ ಸ್ಕ್ರೂ ಬರುವುದು ಮುಂದಿನ ಅಂಚಿನಿಂದ 37 ಎಂ.ಎಂ. ಒಳಗೆ. ಹಳೆಯ ಚೌಕಟ್ಟು ಒಂದೇ ಇಂಚು ಆಳದ್ದಾದರೆ ಆ ಸ್ಕ್ರೂ ಗಾಳಿಯಲ್ಲಿ ನಿಲ್ಲಬೇಕಾಗುತ್ತದೆ. ಆಗ ಚೌಕಟ್ಟನ್ನು ಕೀಳುವ ಬದಲು, ಅದರ ಹಿಂದೆ ಒಳಮುಖಕ್ಕೆ ಸಮನಾಗಿ 80 ಎಂ.ಎಂ. ಆಳದ 18 ಎಂ.ಎಂ. ಪ್ಲೈ ಪಟ್ಟಿಯನ್ನು ಅಂಟು, ಸ್ಕ್ರೂ ಎರಡೂ ಹಾಕಿ ಕೂರಿಸಿದರೆ ಸಾಕು.

ಅಳತೆ: ಮೂರು ಅಡ್ಡ, ಮೂರು ಉದ್ದ, ಎರಡು ಓರೆ

ನಮ್ಮ ಬಡಿಗೇರರ ಲೆಕ್ಕ ಇಂಚು, ಸೂತದಲ್ಲಿ. ಫ್ಯಾಕ್ಟರಿಯ ಕಟಿಂಗ್ ಮಷಿನ್ನಿನದು ಎಂ.ಎಂ.ನಲ್ಲಿ. ಇಂಚಿಗೆ 8 ಸೂತ, ಅಂದರೆ ಒಂದು ಸೂತ 3 ಎಂ.ಎಂ.ಗಿಂತ ಕೂದಲೆಳೆ ಹೆಚ್ಚು. 23 ಇಂಚು 5 ಸೂತ ಅಂದರೆ 600 ಎಂ.ಎಂ. ಚೀಟಿಯ ಮೇಲೆ "23.5" ಎಂದು ಬರೆದದ್ದನ್ನು ಅಂಗಡಿಯವರು ಇಪ್ಪತ್ಮೂರೂವರೆ ಇಂಚು ಅಂತ ಓದಿದರೆ ಆಯಿತು, 597ರ ಹಲಗೆ ಕೈಗೆ ಬರುತ್ತದೆ. ಎಲ್ಲವನ್ನೂ ಎಂ.ಎಂ.ನಲ್ಲೇ ಬರೆಯಿರಿ. ಟೇಪಿನ ತುದಿಯ ಕೊಕ್ಕೆ ಬಾಗಿದ್ದರೆ 100ರ ಗೆರೆಯಿಂದ ಹಿಡಿದು ಅಳೆದು, ಆಮೇಲೆ 100 ಕಳೆಯಿರಿ.

ಒಂದು ಖಾನೆಯನ್ನು ಹತ್ತಿರದಿಂದ ನೋಡೋಣ. ಅಗಲ ಮೇಲೆ 912, ನಡುವೆ 908, ಕೆಳಗೆ 915. ಎತ್ತರ ಎಡಕ್ಕೆ 602, ನಡುವೆ 600, ಬಲಕ್ಕೆ 598. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದರೆ ಒಂದು 1096, ಇನ್ನೊಂದು 1090. ಎರಡೂ ಓರೆ ಅಳತೆ ಸಮ ಬಂದಿದ್ದರೆ ಬಾಯಿ ಚೌಕವಾಗಿದೆ ಎಂದರ್ಥ. ಇಲ್ಲಿ 6 ಎಂ.ಎಂ. ಫರಕು ಇದೆ. ಇಂಥ ಖಾನೆಗೆ ಚೌಕಟ್ಟಿನ ಒಳಗೆ ಕೂರುವ ಬಾಗಿಲು ಮಾಡಿಸಿದರೆ, ಸುತ್ತಲಿನ ಸಂದು ಒಂದು ಕಡೆ ಸೂತ, ಇನ್ನೊಂದು ಕಡೆ ಮೂರು ಸೂತ ಆಗಿ ಎದುರಿಗೆ ನಿಂತವರ ಕಣ್ಣಿಗೆ ಹೊಡೆಯುತ್ತದೆ. ಓರೆ ಅಳತೆಯ ಫರಕು 3 ಎಂ.ಎಂ. ಮೀರಿದರೆ ಚೌಕಟ್ಟಿನ ಮೇಲೆ ಹೊದ್ದು ಕೂರುವ ಬಾಗಿಲನ್ನೇ, ಅಂದರೆ ಓವರ್‌ಲೇ ಶಟರನ್ನೇ ಮಾಡಿಸಿ. ಸೊಟ್ಟ ಅದರ ಬೆನ್ನಿಗೆ ಅಡಗುತ್ತದೆ. ಕಡಪಾ ಕಟ್ಟೆಗೆ ಓವರ್‌ಲೇ ಒಗ್ಗಲು ಇನ್ನೊಂದು ಕಾರಣ: ನಡುವಿನ ಕಲ್ಲಿನ ಹಲಗೆ ಸಾಮಾನ್ಯವಾಗಿ ಚೌಕಟ್ಟಿನ ಮಟ್ಟದವರೆಗೂ ಬಂದಿರುತ್ತದೆ. ಒಳಗೆ ಕೂರುವ ಬಾಗಿಲಿಗೆ 20 ಎಂ.ಎಂ. ಜಾಗ ಎಲ್ಲಿಂದ ತರುವುದು? ಕಲ್ಲು ಕತ್ತರಿಸಬೇಕು.

ಓವರ್‌ಲೇ ಬೇಡ ಎನ್ನುವ ಸಂದರ್ಭ ಒಂದೇ. ಮೇಲಿನ ಗ್ರಾನೈಟ್ ಚೌಕಟ್ಟಿಗಿಂತ ಮುಂದೆ ಚಾಚಿಲ್ಲದಿದ್ದರೆ ಕಟ್ಟೆಯ ನೀರೆಲ್ಲ ಬಾಗಿಲಿನ ನೆತ್ತಿಗೇ ಇಳಿಯುತ್ತದೆ. ಗ್ರಾನೈಟ್ ಕನಿಷ್ಠ ಒಂದು ಇಂಚು ಚಾಚಿರಬೇಕು. ಬಾಗಿಲಿನ ಮುಖ ಅದರ ಒಳಗೇ ಉಳಿಯಬೇಕು.

ಮೇಲಿನ ಖಾನೆಗೆ ಜೋಡಿ ಓವರ್‌ಲೇ ಲೆಕ್ಕ ಹೀಗೆ. ಒಳಗೆ ಕೂರುವ ಬಾಗಿಲಿಗೆ ಎಲ್ಲಕ್ಕಿಂತ ಸಣ್ಣ ಅಳತೆ ಹಿಡಿಯುತ್ತಾರೆ, ಹೊದ್ದು ಕೂರುವುದಕ್ಕೆ ದೊಡ್ಡದು. ಅಗಲ 915ಕ್ಕೆ ಎರಡೂ ಬದಿ 16ರಂತೆ 32 ಕೂಡಿಸಿ, ನಡುವಿನ ಸಂದಿಗೆ 3 ಕಳೆದರೆ 944, ಅರ್ಧ 472. ಎತ್ತರ 602ಕ್ಕೆ ಮೇಲೆ ಕೆಳಗೆ 15ರಂತೆ 30 ಸೇರಿ 632. ಇದು ಎಜ್ ಪಟ್ಟಿ, ಅಂದರೆ ಹಲಗೆಯ ಕತ್ತರಿಸಿದ ಅಂಚು ಮುಚ್ಚುವ ಪಟ್ಟಿ, ಹಚ್ಚಿದ ಮೇಲಿನ ಅಳತೆ. ಪಟ್ಟಿ 2 ಎಂ.ಎಂ. ದಪ್ಪದ್ದಾದರೆ ಹಲಗೆ ಕತ್ತರಿಸುವ ಅಳತೆ 468 ಮತ್ತು 628. ಚೀಟಿಯಲ್ಲಿ "ಪಟ್ಟಿ ಸೇರಿ" ಎಂದೋ "ಕಟಿಂಗ್ ಸೈಜ್" ಎಂದೋ ಸ್ಪಷ್ಟವಾಗಿ ಬರೆಯದಿದ್ದರೆ ಈ 4 ಎಂ.ಎಂ. ಜಗಳಕ್ಕೆ ಕಾರಣವಾಗುತ್ತದೆ. ಪಕ್ಕದ ಖಾನೆಯ ಬಾಗಿಲೂ ಅದೇ ನಡುಪಟ್ಟಿಯ ಮೇಲೆ ಹೊದೆಯುವುದಿದ್ದರೆ ಆ ಪಟ್ಟಿ ಕನಿಷ್ಠ 35 ಎಂ.ಎಂ. ಅಗಲ ಇದೆಯೇ ನೋಡಿ; 16, 16 ಮತ್ತು ನಡುವೆ 3.

ಹಲಗೆ

ಅಡಿಗೆಮನೆಯ ಬಾಗಿಲಿಗೆ 18 ಎಂ.ಎಂ. ದಪ್ಪ. 12ರ ಹಲಗೆ ಅಗ್ಗ ಎಂದು ತಂದರೆ ಹಿಂಜಿನ ಬಟ್ಟಲು ಕೂರುವಷ್ಟೂ ಮೈ ಅದಕ್ಕಿಲ್ಲ. ಪ್ಲೈವುಡ್‌ನಲ್ಲಿ ಐ.ಎಸ್. 710 ಎಂದರೆ ಮರೈನ್ ಜಾತಿ, 72 ತಾಸು ಕುದಿಸುವ ಪರೀಕ್ಷೆಗೆ ನಿಲ್ಲಬೇಕಾದದ್ದು. ಐ.ಎಸ್. 303ರ ಬಿ.ಡಬ್ಲ್ಯು.ಆರ್. (ಕುದಿನೀರು ತಡೆಯುವುದು) ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಎಂ.ಆರ್. (ಪಸೆಯಷ್ಟೇ ತಡೆಯುವುದು) ಎಂದು ಬರೆದದ್ದು ಹಾಲ್‌ನ ಕಪಾಟಿಗೆ ಸರಿ, ಒಲೆ ಸಿಂಕಿನ ಹತ್ತಿರ ಬೇಡ. ಹಾಳೆಯ ಮೇಲೆ ಐ.ಎಸ್.ಐ. ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರುತ್ತದೆ. ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಲೈಸೆನ್ಸ್ ಯಾರದು, ಯಾವ ಮಾಲಿಗೆ ಎಂದು ತೋರಿಸುತ್ತದೆ. ಇನ್ನೂ ಅನುಮಾನವಿದ್ದರೆ ಕತ್ತರಿಸಿ ಉಳಿದ ಅಂಗೈ ಅಗಲದ ತುಂಡನ್ನು ಮನೆಯಲ್ಲೇ ನಾಲ್ಕೈದು ತಾಸು ಕುದಿಸಿ. ಪದರು ಬಾಯಿ ಬಿಟ್ಟರೆ ಹಾಳೆ ವಾಪಸ್ ಒಯ್ಯಿರಿ.

ಎಚ್.ಡಿ.ಎಚ್.ಎಂ.ಆರ್. ಬೋರ್ಡು (ಪಸೆ ತಡೆಯುವಂತೆ ಮರದ ನಾರನ್ನು ದಟ್ಟವಾಗಿ ಒತ್ತಿ ಮಾಡಿದ ಹಲಗೆ) ಪ್ಲೈಗಿಂತ ಭಾರ, ಮೈ ಮಾತ್ರ ಒಂದೇ ಸಮ. ನುಣುಪು ಬಣ್ಣದ ಬಾಗಿಲಿಗೆ ಅದೇ ಚಲೋ. ಸಾದಾ ಎಂ.ಡಿ.ಎಫ್. (ಮರದ ನಾರು ಒತ್ತಿದ ಹಲಗೆ) ಮತ್ತು ಪಾರ್ಟಿಕಲ್ ಬೋರ್ಡು (ಮರದ ಚೂರು ಒತ್ತಿದ್ದು) ನೀರು ತಾಗಿದ ಅಂಚಿನಲ್ಲಿ ಚಪಾತಿಯಂತೆ ಉಬ್ಬುತ್ತವೆ, ಮತ್ತೆ ಇಳಿಯುವುದಿಲ್ಲ. ಪಿ.ವಿ.ಸಿ. ಬೋರ್ಡಿಗೆ ನೀರಿನ ಹೆದರಿಕೆ ಇಲ್ಲ, ಶಾಖದ್ದು ಇದೆ. ರೊಟ್ಟಿ ಹಂಚು ತಾಸುಗಟ್ಟಲೆ ಕಾಯುವ ಒಲೆಯ ಅಕ್ಕಪಕ್ಕ ಅದು ಬಾಗುತ್ತದೆ, ಸ್ಕ್ರೂ ಹಿಡಿತವೂ ಪ್ಲೈನಷ್ಟಿಲ್ಲ. ಸಿಂಕಿನ ಕೆಳಗೆ ಮಾತ್ರ ಹಾಕಿಸಬಹುದು.

ಸನ್‌ಮೈಕಾ ಎರಡೂ ಮುಖಕ್ಕೆ ಇರಲೇಬೇಕು. ಹೊರಗೆ 1 ಎಂ.ಎಂ., ಒಳಗೆ 0.8 ಎಂ.ಎಂ. ಹೊರಗಷ್ಟೇ ಮೈಕಾ ಹಚ್ಚಿ ಒಳಗೆ ಬಣ್ಣ ಬಳಿದು ಬಿಟ್ಟರೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಳಮುಖ ಪಸೆ ಹೀರಿ ಹಿಗ್ಗುತ್ತದೆ, ಹೊರಮುಖ ಇದ್ದಲ್ಲೇ ಇರುತ್ತದೆ, ಬಾಗಿಲು ಬಿಲ್ಲಾಗುತ್ತದೆ. ಗದಗದ ಒಣ ಹವೆಯಲ್ಲಿ ಇದು ತಡವಾಗಿ ಕಾಣಬಹುದು, ಆದರೆ ಕಾಣುತ್ತದೆ. ಬಿಲ್ಲಾದ ಬಾಗಿಲನ್ನು ಯಾವ ಹಿಂಜೂ ನೆಟ್ಟಗೆ ಮಾಡದು.

ಮೈಕಾದಲ್ಲಿ ಕಟ್ಟಿಗೆಯ ಎಳೆ ಇದ್ದರೆ ಅದು ಎಲ್ಲ ಬಾಗಿಲಿಗೂ ನಿಂತ ದಿಕ್ಕಿನಲ್ಲೇ ಬರಬೇಕು, ಹಾಳೆಯ ಲೆಕ್ಕ ಅದರ ಮೇಲೆ ನಿಲ್ಲುತ್ತದೆ. ಎಂಟು–ನಾಲ್ಕು ಅಡಿಯ ಹಾಳೆ 2440 × 1220 ಎಂ.ಎಂ. ನಮ್ಮ 628 × 468ರ ತುಂಡು, ಗರಗಸ ತಿನ್ನುವ 4 ಎಂ.ಎಂ. ಸೇರಿಸಿ, ಉದ್ದಕ್ಕೆ ಮೂರು, ಅಗಲಕ್ಕೆ ಎರಡು: ಒಟ್ಟು ಆರು. ಎತ್ತರ 600ರ ಒಳಗಿದ್ದಿದ್ದರೆ ಎಂಟು ಬರುತ್ತಿದ್ದವು. ಹಾಗಾಗಿ ಎಂಟು ಬಾಗಿಲಿಗೆ ಒಂದೇ ಹಾಳೆ ಸಾಕು ಎಂದು ಯಾರಾದರೂ ಬಾಯಿಲೆಕ್ಕ ಹೇಳಿದರೆ ಒಪ್ಪಿಕೊಳ್ಳುವ ಮೊದಲು ಕಾಗದದ ಮೇಲೆ ಚೌಕ ಹಾಕಿ ನೋಡಿ. ಪ್ರತಿ ಹಾಳೆಯಲ್ಲೂ 540 ಎಂ.ಎಂ. ಚಿಲ್ಲರೆಯ ಒಂದು ತುಂಡು ಉಳಿಯುತ್ತದೆ. ಡ್ರಾಯರಿನ ಮುಖಗಳನ್ನು ಅದರಲ್ಲೇ ತೆಗೆಯಿಸಿ.

ಹಿಂಜ್

ಹಳೆಯ ಬಿಜಾಗರಿ ಒಳಗೆ ಕೂರುವ ಬಾಗಿಲಿಗೆ ಇಂದಿಗೂ ಗಟ್ಟಿ, ಆದರೆ ಒಮ್ಮೆ ಕೂರಿಸಿದ ಮೇಲೆ ಹೊಂದಿಸಲು ಬಾರದು. ಆಟೋ ಹಿಂಜಿನಲ್ಲಿ ಮೂರೂ ದಿಕ್ಕಿಗೆ ಒಂದೆರಡು ಎಂ.ಎಂ. ಆಚೀಚೆ ಮಾಡಬಹುದು. ಸೊಟ್ಟ ಖಾನೆಗೆ ಬೇಕಾದ್ದು ಅದೇ. ಅಂಗಡಿಯಲ್ಲಿ ಕೇಳುವಾಗ ಕ್ರ್ಯಾಂಕ್, ಅಂದರೆ ಹಿಂಜಿನ ತೋಳಿನ ಬಾಗು ಎಷ್ಟೆಂದು, ಹೇಳಬೇಕು. ಪೂರ್ತಿ ಹೊದೆಯುವ ಬಾಗಿಲಿಗೆ ಝೀರೋ ಕ್ರ್ಯಾಂಕ್. ಒಂದೇ ತೆಳು ಪಟ್ಟಿಯನ್ನು ಎರಡು ಬಾಗಿಲು ಹಂಚಿಕೊಂಡರೆ 8 ಕ್ರ್ಯಾಂಕ್. ಒಳಗೆ ಕೂರುವುದಕ್ಕೆ 15 ಅಥವಾ 16 ಕ್ರ್ಯಾಂಕ್. ತಪ್ಪು ಕ್ರ್ಯಾಂಕ್ ತಂದು ಸ್ಕ್ರೂ ತಿರುಗಿಸಿ ಸರಿಮಾಡಲು ಕೂತವರು ಸಂಜೆಯವರೆಗೂ ಕೂತಿರುತ್ತಾರೆ.

900 ಎಂ.ಎಂ. ಎತ್ತರದವರೆಗೆ ಎರಡು ಹಿಂಜ್, 1600ರವರೆಗೆ ಮೂರು, 2000ದವರೆಗೆ ನಾಲ್ಕು. ನಮ್ಮ ಉದಾಹರಣೆಯ ಪ್ಲೈ ಬಾಗಿಲು ಮೈಕಾ ಸೇರಿ ನಾಲ್ಕು ಕೆ.ಜಿ. ಮೇಲೆ ಸ್ವಲ್ಪ, ಎರಡು ಸಾಕು. ಸಿಂಕಿನ ಕೆಳಗೆ ಮಾತ್ರ ಎಸ್.ಎಸ್. 304 (ಸ್ಟೇನ್‌ಲೆಸ್ ಸ್ಟೀಲ್) ಹಿಂಜ್ ಹಾಕಿಸಿ, ಮತ್ತು ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿಯನ್ನು ಅಲ್ಲಿಂದ ತೆಗೆದು ಬೇರೆ ಕಡೆ ಇಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಹೊಗೆ ಸಣ್ಣಗೆ ಹೊರಬೀಳುತ್ತ ಸಾದಾ ಹಿಂಜನ್ನು ಕೆಲವೇ ತಿಂಗಳಲ್ಲಿ ತುಕ್ಕು ಹಿಡಿಸುತ್ತದೆ. ಹಿಂಜ್ ಖೋಟಾ ಎಂದು ಅಂಗಡಿಯವರನ್ನು ಬೈಯುವ ಮೊದಲು ಈ ಬಾಟಲಿಯ ಕಡೆ ನೋಡುವುದು ಒಳ್ಳೆಯದು.

ಜೋಡಿಸುವುದು

ಬೇಕಾದ ಸಾಮಾನು: ಡ್ರಿಲ್, 35 ಎಂ.ಎಂ. ಹಿಂಜ್ ಬಿಟ್, 2.5 ಎಂ.ಎಂ. ಸಣ್ಣ ಬಿಟ್, ಗುಣ್ಯಾ, 16 ಎಂ.ಎಂ. ಉದ್ದದ ಚಿಪ್‌ಬೋರ್ಡ್ ಸ್ಕ್ರೂ. 25 ಎಂ.ಎಂ. ಸ್ಕ್ರೂ ಹೆಚ್ಚು ಗಟ್ಟಿ ಎಂದು ಬಳಸಿದರೆ ತುದಿ ಹೊರಮುಖದ ಮೈಕಾ ಸೀಳಿಕೊಂಡು ಬರುತ್ತದೆ.

ಬಾಗಿಲನ್ನು ಒಳಮುಖ ಮೇಲಾಗಿ ಕಂಬಳಿಯ ಮೇಲೆ ಮಲಗಿಸಿ. ಮೇಲಿನ ಅಂಚಿನಿಂದ 90, ಕೆಳಗಿನ ಅಂಚಿನಿಂದ 90 ಎಂ.ಎಂ.ಗೆ ಗೆರೆ, ಹಿಂಜ್ ಬರುವ ಬದಿಯ ಅಂಚಿನಿಂದ 22.5ಕ್ಕೆ ಅಡ್ಡಗೆರೆ. ಗೆರೆಗಳು ಕೂಡಿದಲ್ಲಿ ಬಟ್ಟಲಿನ ನಡು. ಕೊರೆಯುವ ಮುಂಚೆ ಖಾನೆಯೊಳಗೆ ಇಣುಕಿ: ಆ ಎತ್ತರಕ್ಕೆ ನಡುವಿನ ಕಡಪಾ ಹಲಗೆಯೋ ನಳದ ಪೈಪೋ ಇದ್ದರೆ ಹಿಂಜಿನ ತೋಳು ಅದಕ್ಕೆ ಬಡಿಯುತ್ತದೆ. 90ರ ಬದಲು 120 ಮಾಡಿ, ಲೋಕವೇನೂ ಮುಳುಗುವುದಿಲ್ಲ. ಆಗ ಪ್ಲೇಟಿನ ಗುರುತನ್ನೂ ಅಷ್ಟೇ ಸರಿಸಿದರಾಯಿತು.

ಬಟ್ಟಲಿನ ಆಳ 12ರಿಂದ 13 ಎಂ.ಎಂ. ಬಿಟ್‌ನ ನಡುಮೊಳೆ ಅದಕ್ಕಿಂತ ಮುಂದೆ ಚಾಚಿರುತ್ತದೆ ಎಂಬುದು ನೆನಪಿರಲಿ. ಬಿಟ್‌ಗೆ 13ರಲ್ಲಿ ಬಣ್ಣದ ಟೇಪು ಸುತ್ತಿ, ಮೊದಲು ಬೇಡದ ತುಂಡಿನ ಮೇಲೆ ಒಂದು ಕೊರೆದು ನೋಡಿ. ಡ್ರಿಲ್ ಓರೆಯಾದರೆ ಬಟ್ಟಲಿನ ಒಂದು ಬದಿ ಆಳವಾಗಿ ಹಿಂಜ್ ಕುಂಟುತ್ತದೆ. ಬಟ್ಟಲಿಗೆ ಹಿಂಜ್ ಇಟ್ಟ ಮೇಲೆ ಅದರ ತೋಳು ಬಾಗಿಲಿನ ಅಂಚಿಗೆ ಲಂಬವಾಗಿದೆಯೇ ಎಂದು ಗುಣ್ಯಾ ಹಿಡಿದು ನೋಡಿ, ಆಮೇಲೆ 2.5ರ ತೂತು, ಆಮೇಲೆ ಸ್ಕ್ರೂ.

ಇನ್ನು ಚೌಕಟ್ಟಿನ ಕಡೆ. ಬಾಗಿಲು ಬಾಯಿಗಿಂತ 15 ಎಂ.ಎಂ. ಮೇಲೆ ಚಾಚುವುದರಿಂದ, ಬಾಗಿಲಿನಲ್ಲಿ 90 ಇದ್ದದ್ದು ಬಾಯಿಯ ಮೇಲಂಚಿನಿಂದ ಅಳೆದಾಗ 75 ಆಗುತ್ತದೆ. ಅದು ಪ್ಲೇಟಿನ ನಡು. ಪ್ಲೇಟಿನ ಎರಡು ತೂತುಗಳ ನಡುವೆ 32 ಎಂ.ಎಂ., ಅಂದರೆ ಸ್ಕ್ರೂಗಳು 59 ಮತ್ತು 91ಕ್ಕೆ. ಎರಡೂ ಮುಂದಿನ ಅಂಚಿನಿಂದ 37 ಒಳಗೆ. ಎಲ್ಲ ಖಾನೆಗೂ ಟೇಪು ಹಿಡಿಯುತ್ತ ಕೂರದೆ ಒಂದು ಪ್ಲೈ ಪಟ್ಟಿಯ ಮೇಲೆ 59, 91, 37 ಗುರುತು ಮಾಡಿ ಸಣ್ಣ ತೂತು ಕೊರೆದು ಇಟ್ಟುಕೊಳ್ಳಿ. ಮೂಲೆಗೆ ಒತ್ತಿ ಹಿಡಿದರೆ ಮುಗಿಯಿತು. ಕೆಳಗಿನ ಪ್ಲೇಟನ್ನು ಖಾನೆಯ ಕೆಳಗಿನಿಂದ ಅಳೆಯಬೇಡಿ. ಎಡಗಡೆ 602, ಬಲಗಡೆ 598 ಇರುವ ಖಾನೆಯಲ್ಲಿ ಹಾಗೆ ಅಳೆದರೆ ಒಂದು ಬಾಗಿಲಿನ ಹಿಂಜೂ ಪ್ಲೇಟೂ ಕೂಡುವುದೇ ಇಲ್ಲ. ಬಾಗಿಲಿನ ಎರಡು ಬಟ್ಟಲುಗಳ ನಡುವಿನ ಅಂತರ ನಮ್ಮಲ್ಲಿ 632ರಲ್ಲಿ 180 ಕಳೆದು 452. ಮೇಲಿನ ಪ್ಲೇಟಿನಿಂದ ಅಷ್ಟೇ ಕೆಳಗೆ ಇನ್ನೊಂದು.

ಬಾಗಿಲು ಸಿಕ್ಕಿಸಿದ ಮೇಲೆ ಹೊಂದಾಣಿಕೆ. ಮೊದಲು ಎತ್ತರ: ಪ್ಲೇಟಿನ ಸ್ಕ್ರೂ ಸಡಿಲಿಸಿ ಎರಡೂ ಬಾಗಿಲಿನ ನೆತ್ತಿ ಒಂದೇ ಗೆರೆಗೆ ತನ್ನಿ. ಆಮೇಲೆ ಬಟ್ಟಲಿಗೆ ಹತ್ತಿರದ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಬಲಕ್ಕೆ ಸರಿಯುತ್ತದೆ. ನಡುವಿನ ಸಂದು ಮೇಲೆ ಸಣ್ಣದು, ಕೆಳಗೆ ದೊಡ್ಡದು ಆಗಿದ್ದರೆ ಮೇಲಿನ ಹಿಂಜನ್ನಷ್ಟೇ ಮುಟ್ಟಿ. ಕೊನೆಗೆ ಹಿಂದಿನ ಸ್ಕ್ರೂ, ಅದು ಬಾಗಿಲನ್ನು ಒಳಗೆ ಹೊರಗೆ ಮಾಡುತ್ತದೆ. ಸಂದು ನೋಡಲು ಟೇಪು ಬೇಡ. 1 ಎಂ.ಎಂ. ಮೈಕಾದ ಮೂರು ತುಂಡು ಒಟ್ಟಿಗೆ ಹಿಡಿದು ಮೇಲಿನಿಂದ ಕೆಳಗೆ ಎಳೆಯಿರಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಬಿಗಿ. ಸ್ಕ್ರೂ ಪೂರ್ತಿ ತಿರುಗಿಸಿದರೂ ಸಂದು ಸರಿಯಾಗದಿದ್ದರೆ ಚೌಕಟ್ಟಿನ ಒಳಮುಖ ವಾಲಿದೆ. ಪ್ಲೇಟಿನ ಕೆಳಗೆ ಮೈಕಾ ತುಂಡು ಇಟ್ಟು ಎತ್ತಿ.

ಹಿಡಿಕೆ ಕೊನೆಗೆ. ತೂತುಗಳ ಅಂತರ 96, 128 ಅಥವಾ 160 ಎಂ.ಎಂ. ಇರುತ್ತದೆ, ಕೊಳ್ಳುವಾಗಲೇ ಅಳೆಯಿರಿ. ಕೊರೆಯುವಾಗ ಹಿಂದೆ ಮರದ ತುಂಡು ಒತ್ತಿ ಹಿಡಿಯದಿದ್ದರೆ ಒಳಮೈಕಾ ಚಕ್ಕೆ ಏಳುತ್ತದೆ.

ಸಿಂಕು ಮತ್ತು ಸಿಲಿಂಡರ್

ನಳ ಬಂದ ದಿನ ಕೊಡ, ಡ್ರಮ್ಮು ತುಂಬಿಡುವ ಮನೆಗಳಲ್ಲಿ ಸಿಂಕಿನ ಕೆಳಗಿನ ಬಾಗಿಲು ಒಣಗುವುದೇ ಇಲ್ಲ. ಆ ಒಂದು ಜೋಡಿಯನ್ನು ಅಲ್ಯುಮಿನಿಯಂ ಚೌಕಟ್ಟಿಗೆ ಎ.ಸಿ.ಪಿ. ಹಾಳೆ (ಎರಡು ತೆಳು ಅಲ್ಯುಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವುದು) ತುಂಬಿಸಿ ಮಾಡಿಸಿದರೆ ಬಣ್ಣ ಸ್ವಲ್ಪ ಬೇರೆ ಕಂಡರೂ ಬಾಳಿಕೆ ಬರುತ್ತದೆ. ನೆಲ ತೊಳೆಯುವ ರೂಢಿ ಇದ್ದರೆ ಬಾಗಿಲಿನ ಕೆಳಗಂಚು ನೆಲದಿಂದ 100 ಎಂ.ಎಂ. ಮೇಲಿರಲಿ, ಖಾನೆ ನೆಲದಿಂದಲೇ ಶುರುವಾಗಿದ್ದರೆ ಕೆಳಗೊಂದು ಕಲ್ಲಿನ ಪಟ್ಟಿ ಕಟ್ಟಿಸಿ. ಕೆಳಗಂಚಿಗೆ ಎಜ್ ಪಟ್ಟಿ ಹಚ್ಚದೆ ಬಿಡುವುದು ಕೆಲಸಗಾರರ ಹಳೆಯ ಚಾಳಿ. ಕಾಣುವುದಿಲ್ಲವಲ್ಲ! ಕೈ ಹಾಕಿ ಸವರಿ ನೋಡಿಯೇ ಹಣ ಕೊಡಿ.

ಸಿಲಿಂಡರ್ ಇಡುವ ಖಾನೆಗೆ ಮುಚ್ಚಿದ ಬಾಗಿಲು ಬೇಡ. ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಕೆಳಗೇ ತುಂಬಿ ನಿಲ್ಲುತ್ತದೆ. ಜಾಳಿಗೆ ಬಾಗಿಲು ಹಾಕಿ, ಕಿಂಡಿ ಮೇಲಷ್ಟೇ ಅಲ್ಲದೆ ನೆಲಮಟ್ಟದಲ್ಲೂ ಇರಲಿ. 14.2 ಕೆ.ಜಿ. ಸಿಲಿಂಡರಿನ ಹೊಟ್ಟೆ ಸುಮಾರು 320 ಎಂ.ಎಂ.; ಹಿಂಜ್ ಕೂತ ಮೇಲೂ 360 ತೆರಪು ಉಳಿದರೆ ಮಾತ್ರ ತಿಕ್ಕಾಟವಿಲ್ಲದೆ ಒಳಗೆ ಹೋಗುತ್ತದೆ.

ಆಮೇಲೆ ಬರುವ ತಕರಾರುಗಳು

ಒಲೆಕಟ್ಟೆಯ ಮೇಲೆ ದಿನವೂ ರೊಟ್ಟಿ ಬಡಿಯುವ ಮನೆಯಲ್ಲಿ ಆ ಪೆಟ್ಟು ಚೌಕಟ್ಟಿಗೂ ಇಳಿಯುತ್ತದೆ. ಹೊಸ ಬಾಗಿಲಿನ ಸ್ಕ್ರೂಗಳು ಮೊದಲ ಹದಿನೈದು ದಿನದಲ್ಲಿ ಒಂದು ಸುತ್ತು ಸಡಿಲಾಗುವುದು ಸಾಮಾನ್ಯ. ಒಮ್ಮೆ ಎಲ್ಲವನ್ನೂ ಕೈಯಿಂದ ಬಿಗಿ ಮಾಡಿ. ಡ್ರಿಲ್‌ನಿಂದ ಬಿಗಿದರೆ ಪ್ಲೈ ಒಳಗಿನ ದಾರ ಹರಿದು ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಹಾಗೆ ಕೆಟ್ಟ ತೂತಿಗೆ ಫೆವಿಕಾಲಿನಲ್ಲಿ ಅದ್ದಿದ ಎರಡು ಬೆಂಕಿಕಡ್ಡಿ ತುರುಕಿ, ಮರುದಿನ ಸಮ ಕತ್ತರಿಸಿ, ಮತ್ತೆ ಅದೇ ಸ್ಕ್ರೂ ಹಾಕಬಹುದು.

ಮೆಲ್ಲಗೆ ಮುಚ್ಚಬೇಕಾದ ಹಿಂಜ್ ಅರ್ಧಕ್ಕೇ ನಿಂತರೆ ಎಣ್ಣೆ ಬಿಡಬೇಡಿ. ಜೋಳದ ಹಿಟ್ಟಿನ ಧೂಳು ಒಗ್ಗರಣೆಯ ಜಿಡ್ಡಿನೊಂದಿಗೆ ಕಲೆತು ತೋಳಿನ ಸಂದಿನಲ್ಲಿ ಮೇಣವಾಗಿರುತ್ತದೆ. ಎಣ್ಣೆ ಹಾಕಿದಷ್ಟೂ ಇನ್ನಷ್ಟು ಹಿಟ್ಟು ಹಿಡಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸೋಪಿನ ಬಿಸಿನೀರು ತಾಗಿಸಿ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಬಾಗಿಲನ್ನು ತಾಸು ಹೊತ್ತು ತೆರೆದೇ ಬಿಡಿ.